ತಗಡಿನ ಮಾಡು, ಕೊಳವೆಯ ಮಳೆ

ಲಾಸ್ ಏಂಜಲೀಸ್ ನಗರದ ಹಾಲಿವುಡ್ ಭಾಗದಲ್ಲಿ ವರ್ಷದ ಬಹುಕಾಲ ಮಳೆ ಬೀಳುವುದಿಲ್ಲ. ಆದರೂ 1930ರ ದಶಕದಲ್ಲಿ, ಅಲ್ಲಿಯ ಮೆಕ್ಯಾಡೆನ್ ಪ್ಲೇಸ್ ಎಂಬ ಬೀದಿಯ ಪುಟ್ಟ ಪಾನಗೃಹವೊಂದರಲ್ಲಿ, ಗಿರಾಕಿಯು ಲೋಟವನ್ನು ಬರಿದುಮಾಡಿ, ಕೈಗಡಿಯಾರವನ್ನು ನೋಡಿ, ಇನ್ನು ಹೊರಡೋಣವೆಂದು ಟೋಪಿಗೆ ಕೈಹಾಕುವ ಹೊತ್ತಿಗೆ ಸರಿಯಾಗಿ ತಲೆಯ ಮೇಲಿನ ತಗಡಿನ ಮಾಡಿನ ಮೇಲೆ ಪಟಪಟನೆ ಹನಿ ಬೀಳತೊಡಗುತ್ತಿದ್ದಿತಂತೆ. ಇಂಥ ಮಳೆಯಲ್ಲಿ ಹೋಗುವುದೆಂತು, ಇನ್ನೊಂದು ಲೋಟ ಬರಲಿ ಎಂದು ಆತನು ಮತ್ತೆ ಕುಳಿತುಕೊಳ್ಳುತ್ತಿದ್ದನು. ಹೊರಗೆ ಆಕಾಶವು ನಿರ್ಮಲವಾಗಿಯೇ ಇರುತ್ತಿದ್ದಿತು. ಮಾಡಿನ ಮೇಲೆ ನೀರನ್ನು ಸುರಿಸುತ್ತಿದ್ದುದು ಅಂಗಡಿಯವನೇ ಮೇಲೆ ಹಾಯಿಸಿದ್ದ, ತೋಟಕ್ಕೆ ನೀರುಣಿಸುವಂಥ ಒಂದು ಕೊಳವೆ. ಈಚಿನವರು ಥೀಮ್ ರೆಸ್ಟೋರೆಂಟ್ ಎಂದು ಕರೆಯುವ ವ್ಯವಹಾರದ ಆದಿಪರ್ವವನ್ನು ಹುಡುಕಿಕೊಂಡು ಹೋಗುವವರು ಈ ಕೊಳವೆಯ ಬುಡದಲ್ಲಿಯೇ ನಿಲ್ಲಬೇಕಾಗುತ್ತದೆಂದು ನನ್ನ ಎಣಿಕೆ.

ಅಂಗಡಿಯ ಹೆಸರು, ಕೆಲಕಾಲದ ಬಳಿಕ ನೆಲೆನಿಂತ ರೂಪದಲ್ಲಿ, ‘ಡಾನ್ ದಿ ಬೀಚ್‌ಕೋಂಬರ್’. ಅದರ ಒಡೆಯನಾದ ಅರ್ನೆಸ್ಟ್ ರೇಮಂಡ್ ಬೋಮಾಂಟ್ ಗ್ಯಾಂಟ್ ಎಂಬಾತನು 1907ರಲ್ಲಿ ಹುಟ್ಟಿದವನು. ತಾರುಣ್ಯದಲ್ಲಿ ಕೆರಿಬಿಯನ್ ದ್ವೀಪಗಳನ್ನೂ ದಕ್ಷಿಣ ಶಾಂತಸಾಗರದ ದ್ವೀಪಗಳನ್ನೂ ಸುತ್ತಿ, ಬಲೆ, ಬುರುಡೆ, ಬಿದಿರು, ಹಡಗಿನ ಮುರುಕು ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ಕೂಡಿಹಾಕಿಕೊಂಡು ಹಾಲಿವುಡ್ಡಿಗೆ ಬಂದು, ಕಡಲಕಥೆಗಳ ಚಿತ್ರ ತೆಗೆಯುವವರಿಗೆ ಆ ಸಾಮಾನುಗಳನ್ನು ಬಾಡಿಗೆಗೆ ಕೊಟ್ಟು, ಜೊತೆಗೆ ಸಲಹೆಯನ್ನೂ ಹೇಳಿ ಹೊಟ್ಟೆಹೊರೆಯುತ್ತಿದ್ದನು. 1933ರ ಡಿಸೆಂಬರಿನಲ್ಲಿ ಅಮೆರಿಕದ ಮದ್ಯನಿಷೇಧವು ರದ್ದಾಯಿತು. ಪಿಪಾಯಿಯಲ್ಲಿ ವರ್ಷಗಟ್ಟಲೆ ಹದಗೊಳ್ಳಬೇಕಾದ ವಿಸ್ಕಿಯು ಆಗ ದೇಶದಲ್ಲಿ ಸಾಕಷ್ಟು ಇರಲಿಲ್ಲ. ಕೆರಿಬಿಯನ್ ದ್ವೀಪಗಳ ರಮ್ಮಾದರೋ ಹೇರಳವಾಗಿಯೂ ಅಗ್ಗವಾಗಿಯೂ ದೊರೆಯುತ್ತಿದ್ದಿತು. ಚಿತ್ರದ ಕೆಲಸಕ್ಕೆ ಬಾಡಿಗೆ ಹೋಗುತ್ತಿದ್ದ ಅದೇ ಬಲೆ ಬಿದಿರುಗಳನ್ನು ಗೋಡೆಗೆ ತೂಗುಹಾಕಿ, ಅಗ್ಗದ ರಮ್ಮಿಗೆ ನಿಂಬೆಯ ರಸವನ್ನೂ ಸಾಂಬಾರಪದಾರ್ಥಗಳನ್ನೂ ಸೇರಿಸಿ, ಗ್ಯಾಂಟನು ವ್ಯಾಪಾರವನ್ನು ತೆರೆದನು. ಚಾರ್ಲಿ ಚಾಪ್ಲಿನ್‌ನಂಥವರು ಬಂದು ಹೋಗುವಷ್ಟು ಅದು ಬೆಳೆಯಿತು. ಮುಂದೆ ಆತನು ಕಾಯಿದೆಯ ಪ್ರಕಾರವೇ ತನ್ನ ಹೆಸರನ್ನು ಡಾನ್ ಬೀಚ್ ಎಂದು ಬದಲಾಯಿಸಿಕೊಂಡನು. ಅಂಗಡಿಗೆ ಮಾಲೀಕನ ಹೆಸರನ್ನಿಡುವುದು ಲೋಕರೂಢಿ, ಈತನು ಅಂಗಡಿಯ ಹೆಸರನ್ನು ತಾನೇ ಇಟ್ಟುಕೊಂಡನು.

ಇದೆಲ್ಲವನ್ನೂ ಬರಿಯ ಆಡಂಬರವೆಂದು ತಳ್ಳಿಹಾಕುವವರು ಆ ಕೌಂಟರಿನ ಹಿಂಭಾಗವನ್ನು ಕೊಂಚ ಹತ್ತಿರದಿಂದ ನೋಡಬೇಕು. ಅಲ್ಲಿ ಕೆಲಸಮಾಡುತ್ತಿದ್ದವರು ಬಹುಮಟ್ಟಿಗೆ ಫಿಲಿಪೈನ್ಸ್ ದ್ವೀಪಗಳಿಂದ ವಲಸೆ ಬಂದ ತರುಣರು. ಅವರ ಮುಂದೆ ಸಾಲಾಗಿಟ್ಟ ಶೀಶೆಗಳ ಮೇಲೆ ಪದಾರ್ಥದ ಹೆಸರಿರಲಿಲ್ಲ. ‘ಡಾನ್ ಮಸಾಲೆ 2’, ‘ಡಾನ್ ಮಸಾಲೆ 4’, ‘ಡಾನ್ ಮಿಶ್ರಣ’ ಎಂಬಂತೆ ಬರಿಯ ಗುರುತುಗಳಿದ್ದವು. ಇದರಿಂದ ಇಷ್ಟು, ಅದರಿಂದ ಅಷ್ಟು ಎಂದು ಅಳೆದು, ಪುಡಿಮಾಡಿದ ಮಂಜುಗಡ್ಡೆಯೊಂದಿಗೆ ಯಂತ್ರದಲ್ಲಿ ಕೆಲವೇ ಕ್ಷಣ ಕಡೆದು ಲೋಟಕ್ಕೆ ಸುರಿಯುವ ಕೈಗಳಿಗೆ, ತಾವು ಸುರಿಯುತ್ತಿರುವುದು ಏನೆಂಬುದು ಪೂರ್ತಿಯಾಗಿ ತಿಳಿಯದಂತೆ ಈ ಏರ್ಪಾಡು. ಎದುರಾಳಿಗಳು ಹೆಚ್ಚಿನ ಸಂಬಳದ ಆಸೆ ತೋರಿಸಿ ಕೆಲಸಗಾರರನ್ನು ಎಳೆದುಕೊಂಡು ಹೋದರೂ ಗುಟ್ಟು ಹೋಗಬಾರದೆಂಬುದು ಯಜಮಾನನ ಲೆಕ್ಕಾಚಾರ. ‘ಡಾನ್ ಮಿಶ್ರಣ’ವೆಂದರೆ ಎರಡು ಪಾಲು ಗ್ರೇಪ್‌ಫ್ರೂಟ್ ರಸಕ್ಕೆ ಒಂದು ಪಾಲು ದಾಲ್ಚಿನ್ನಿಯ ಸಕ್ಕರೆಪಾಕ ಎಂಬ ಸಂಗತಿಯು ಲೋಕಕ್ಕೆ ಗೊತ್ತಾಗಬೇಕಾದರೆ ಮುಂದೆ ಏಳು ದಶಕಗಳೇ ಕಳೆಯಬೇಕಾಯಿತು. ಎರಡು ಮೂರು ಬಗೆಯ ರಮ್ಮುಗಳನ್ನು ಒಂದೇ ಲೋಟದಲ್ಲಿ ಕೂಡಿಸಿ, ಒಂದರ ಒರಟನ್ನು ಇನ್ನೊಂದರ ನಯದಿಂದ ತಿದ್ದುವುದು ಆತನ ಮುಖ್ಯ ಯುಕ್ತಿ. ‘ಝಾಂಬಿ’ ಎಂಬ ಪಾನೀಯವನ್ನು ಒಬ್ಬರಿಗೆ ಎರಡು ಲೋಟಕ್ಕಿಂತ ಹೆಚ್ಚಾಗಿ ಕೊಡುವುದಿಲ್ಲವೆಂದು ಕಟ್ಟಳೆ ಮಾಡಿದ್ದನು. ಗಿರಾಕಿಯ ಕ್ಷೇಮಚಿಂತನೆಯೂ ವ್ಯಾಪಾರದ ಡಂಗುರವೂ ಒಂದೇ ವಾಕ್ಯದಲ್ಲಿ ಹೀಗೆ ಅಡಕವಾದುದು ಅಪರೂಪ.

ಒಂದು ಅಂಗಡಿಯು ಹಲವಾದುದು ಆತನಿಂದಲ್ಲ, ಆತನು 1937ರಲ್ಲಿ ಮದುವೆಯಾದ ಕೋರಾ ಐರೀನ್ ಸಂಡ್ ಎಂಬಾಕೆಯಿಂದ. ದಾಂಪತ್ಯವು ಮೂರೇ ವರ್ಷಗಳಲ್ಲಿ ಮುರಿಯಿತಾದರೂ ವ್ಯವಹಾರದ ಪಾಲುಗಾರಿಕೆ ಉಳಿಯಿತು. 1940ರಲ್ಲಿ ಷಿಕಾಗೋ ಶಾಖೆ ತೆರೆಯಿತು. ಎರಡನೆಯ ಮಹಾಯುದ್ಧದಲ್ಲಿ ಬೀಚನು ವಾಯುಸೇನೆಯ ಯೋಧರಿಗೆ ವಿಶ್ರಾಂತಿಗೃಹಗಳನ್ನು ನಡೆಸುತ್ತ ಹೊರದೇಶದಲ್ಲಿದ್ದಾಗ, ಲೆಕ್ಕಪತ್ರದಲ್ಲಿ ನಿಷ್ಣಾತೆಯಾದ ಸಂಡಳು ಶಾಖೆಯ ಮೇಲೆ ಶಾಖೆಯನ್ನು ತೆರೆದಳು. ಯುದ್ಧಾನಂತರ ಹಿಂದಿರುಗಿದ ಬೀಚನಿಗೆ, ಒಪ್ಪಂದದ ಕಾರಣದಿಂದ, ತನ್ನ ಹೆಸರಿನ ಅಂಗಡಿಯನ್ನು ಅಮೆರಿಕದ ಮುಖ್ಯಭೂಮಿಯಲ್ಲಿ ತಾನೇ ನಡೆಸುವ ಅಧಿಕಾರವಿರಲಿಲ್ಲ. ಆಗಿನ್ನೂ ಅಮೆರಿಕದ ರಾಜ್ಯವಾಗಿರದಿದ್ದ ಹವಾಯಿಗೆ ಹೋಗಿ, ವೈಕೀಕಿಯಲ್ಲಿ ಹೊಸದಾಗಿ ತೊಡಗಿ, ಅಲ್ಲೊಂದು ಆಲದ ಮರದ ಮೇಲೆ ಕಟ್ಟಿದ ಕೋಣೆಯನ್ನೇ ಕಚೇರಿಯಾಗಿ ಮಾಡಿಕೊಂಡನು.

ಈ ಕಥೆಯ ಇನ್ನೊಬ್ಬ ನಾಯಕನಾದ ವಿಕ್ಟರ್ ಬರ್ಜೆರಾನ್ ಬೀಚನಂತೆ ದೇಶಸಂಚಾರಿಯಲ್ಲ. 1902ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಕ್ಷಯದಿಂದ ಒಂದು ಕಾಲನ್ನು ಕಳೆದುಕೊಂಡು, 1934ರಲ್ಲಿ ಓಕ್ಲೆಂಡಿನಲ್ಲಿ, ಹೆತ್ತವರ ದಿನಸಿ ಅಂಗಡಿಯ ಎದುರಿಗೇ, ಸಾಲ ತಂದ ಐನೂರು ಡಾಲರುಗಳಿಂದ ‘ಹಿಂಕಿ ಡಿಂಕ್ಸ್’ ಎಂಬ ಸಾಧಾರಣ ಕುಡಿಯುವ ಮನೆಯನ್ನು ಕಟ್ಟಿದವನು. ಬೀಚನ ಅಂಗಡಿಯನ್ನು ಒಮ್ಮೆ ಕಂಡದ್ದೇ ತಡ, ತನ್ನದನ್ನೂ ಅದರಂತೆಯೇ ಬಲೆ ಬಿದಿರುಗಳಿಂದ ಮುಚ್ಚಿ ‘ಟ್ರೇಡರ್ ವಿಕ್ಸ್’ ಎಂದು ಹೆಸರನ್ನು ತಿರುಗಿಸಿದನು. ಅನುಕರಣೆ ಹೌದು, ಆದರೆ ಅನುಕರಿಸಿದವನು ಮೂಲದವನಿಗಿಂತ ಒಳ್ಳೆಯ ವ್ಯಾಪಾರಿ, ಬಹುಶಃ ಒಳ್ಳೆಯ ಅಡುಗೆಗಾರನೂ ಹೌದು. ಕಾಲು ಹೋದದ್ದು ಹೇಗೆಂದು ಕೇಳಿದವರಿಗೆ ದಕ್ಷಿಣದ ಕಡಲಿನಲ್ಲಿ ಷಾರ್ಕ್ ಮೀನು ಕಚ್ಚಿತೆಂದು ಹೇಳಿ, ನಂಬದವರ ಮುಂದೆ ಮಂಜುಗಡ್ಡೆ ಒಡೆಯುವ ಮೊನೆಯನ್ನು ಮರದ ಕಾಲಿಗೆ ಚುಚ್ಚಿ ತೋರಿಸುತ್ತಿದ್ದನಂತೆ. ಗೋಡೆಯ ಮೇಲಣ ಬಲೆಗಿಂತಲೂ ಆ ಕಾಲೇ ಹೆಚ್ಚು ಗಿರಾಕಿಗಳನ್ನು ಹಿಡಿದಿರಬೇಕು. ಇಂದು ಜಗತ್ತಿನ ಪಾನಗೃಹಗಳಲ್ಲೆಲ್ಲ ಕೇಳಿಬರುವ ‘ಮೈ ತೈ’ಯನ್ನು 1944ರಲ್ಲಿ ತಾನೇ ಮೊದಲು ಬೆರೆಸಿದೆನೆಂದು ಆತನು ಹೇಳಿದನು, ಅದು ತನ್ನ ಪಾನೀಯದ್ದೇ ರೂಪವೆಂದು ಬೀಚನು ಜೀವಮಾನವಿಡೀ ವಾದಿಸಿದನು.

ಪಾನಗೃಹವೊಂದು ಸಾಮ್ರಾಜ್ಯವಾಗಿ ಹಬ್ಬಬೇಕಾದರೆ ಕಾಲವೂ ಕೂಡಿಬರಬೇಕು. ಶಾಂತಸಾಗರದ ದ್ವೀಪಗಳಲ್ಲಿ ಯುದ್ಧಮಾಡಿ ಬಂದ ಲಕ್ಷಾಂತರ ಸೈನಿಕರು, ಕೆಸರನ್ನೂ ಮಲೇರಿಯಾವನ್ನೂ ಮರೆತು ತೆಂಗನ್ನೂ ಬೆಳುದಿಂಗಳನ್ನೂ ಮಾತ್ರ ನೆನಪಿನಲ್ಲಿಟ್ಟುಕೊಂಡು ಮನೆಗೆ ಮರಳಿದ್ದರು. ಜೇಮ್ಸ್ ಮಿಚೆನರ್ ಆ ದ್ವೀಪಗಳ ಕಥೆಗಳನ್ನು 1947ರಲ್ಲಿ ಪ್ರಕಟಿಸಿದನು. ಎರಡೇ ವರ್ಷಗಳಲ್ಲಿ ಅವು ಬ್ರಾಡ್‌ವೇಯ ಸಂಗೀತನಾಟಕವಾದುವು. ಅದೇ 1947ರಲ್ಲಿ ಥಾರ್ ಹೆಯರ್ಡಾಲ್ ‘ಕಾನ್-ಟಿಕಿ’ ಎಂಬ ದಿಮ್ಮಿತೆಪ್ಪದಲ್ಲಿ 101 ದಿನ ಸಾಗರವನ್ನು ದಾಟಿದನು. 1959ರಲ್ಲಿ ಹವಾಯಿಯು ಅಮೆರಿಕದ ಐವತ್ತನೆಯ ರಾಜ್ಯವಾಯಿತು. ಈ ಗಾಳಿಯನ್ನು ನೋಡಿಕೊಂಡು ಬರ್ಜೆರಾನ್ ಹಿಲ್ಟನ್ ಹೋಟೆಲುಗಳೊಂದಿಗೆ ಕೈಜೋಡಿಸಿದನು. ದೊಡ್ಡ ಹೋಟೆಲುಗಳಲ್ಲಿ ಕಿಟಕಿಯಿಲ್ಲದ ನೆಲಮಾಳಿಗೆಯೆಂಬುದು ಬಾಡಿಗೆಗೆ ಹೋಗದ ದರಿದ್ರ ಜಾಗ. ಹಗಲಿನ ಬೆಳಕನ್ನೂ ಬೀದಿಯ ಸದ್ದನ್ನೂ ಹೊರಗಿಟ್ಟು ಸದಾಕಾಲವೂ ಸಂಜೆಯನ್ನು ನಟಿಸಬೇಕಾದ ಈ ದ್ವೀಪಕ್ಕೆ ಅಂಥದೇ ಜಾಗ ಬೇಕಾಗಿದ್ದಿತು. ಲಂಡನ್ನಿನ ಪಾರ್ಕ್ ಲೇನ್ ಹಿಲ್ಟನ್ನಿನಲ್ಲಿ 1963ರಲ್ಲಿ ತೆರೆದ ಶಾಖೆಯು ನೆಲಮಾಳಿಗೆಯಲ್ಲಿಯೇ ಇದ್ದಿತು. ನಟನೂ, ನಟಿ ಲಾನಾ ಟರ್ನರಳ ಮಾಜಿ ಪತಿಯೂ ಆದ ಸ್ಟೀಫನ್ ಕ್ರೇನ್ ಶೆರಟನ್ ಹೋಟೆಲುಗಳೊಡನೆ ಸೇರಿ ‘ಕಾನ್-ಟಿಕಿ’ ಎಂಬ ಎದುರು ಸರಪಳಿಯನ್ನು ಕಟ್ಟಿದನು. ಎಲ್ಲಕ್ಕಿಂತ ವಿಚಿತ್ರವಾದುದು ಟ್ರೇಡರ್ ವಿಕ್ಸಿನ ಹವಾನಾ ಶಾಖೆಯ ಕಥೆ: 1958ರಲ್ಲಿ ಹಿಲ್ಟನ್ ಹೋಟೆಲಿನೊಡನೆ ತೆರೆದ ಅದು ವರ್ಷ ತುಂಬುವುದರೊಳಗೇ ಕ್ರಾಂತಿಯನ್ನು ಕಂಡಿತು, ಫಿಡೆಲ್ ಕಾಸ್ಟ್ರೋ ಆ ಹೋಟೆಲನ್ನೇ ತನ್ನ ಠಾಣ್ಯವಾಗಿ ಮಾಡಿಕೊಂಡನು. ಹೋಟೆಲಿನ ಹೆಸರು ಬದಲಾಯಿತು, ಆಡಳಿತ ಬದಲಾಯಿತು, ಬಿದಿರು ಮಾತ್ರ ಉಳಿಯಿತು. ‘ಪೊಲಿನೇಸಿಯೋ’ ಎಂಬ ಹೆಸರಿನಿಂದ ಆ ಭೋಜನಶಾಲೆಯನ್ನು ಸಮಾಜವಾದಿ ಸರ್ಕಾರವೂ ನಡೆಸಿಕೊಂಡು ಬಂದಿತು.

ಈ ದ್ವೀಪದಲ್ಲಿ ದ್ವೀಪದವರದು ಏನಿದ್ದಿತು ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ರಮ್ಮು ಕೆರಿಬಿಯನ್ನಿನದು. ಬೆರೆಸುವ ಕೈ ಫಿಲಿಪೈನ್ಸಿನದು. ಅಡುಗೆಯಾದರೋ ಬಹುಮಟ್ಟಿಗೆ ಚೀನದ ಕ್ಯಾಂಟನ್ ಪ್ರಾಂತದ್ದು, ಅದನ್ನು ಮಾಡುತ್ತಿದ್ದವರೂ ಚೀನೀಯರೇ. ಟ್ರೇಡರ್ ವಿಕ್ಸಿನಲ್ಲಿ, ಸೌದೆಯುರಿಯ ದುಂಡನೆಯ ಚೀನೀ ಒಲೆಯೊಳಗೆ ಮಾಂಸವನ್ನು ಕೊಕ್ಕೆಗೆ ತೂಗುಹಾಕಿ ಸುಡುವುದನ್ನು ಗಿರಾಕಿಗಳು ಗಾಜಿನಾಚೆಯಿಂದ ನೋಡಬಹುದಾಗಿದ್ದಿತು. ಏಡಿಯ ಮಾಂಸವನ್ನೂ ಕ್ರೀಮ್ ಚೀಸನ್ನೂ ತೆಳುಹಿಟ್ಟಿನ ಹಾಳೆಯಲ್ಲಿ ಕಟ್ಟಿ ಎಣ್ಣೆಯಲ್ಲಿ ಕರಿದ ತಿಂಡಿಗೆ ‘ಕ್ರ್ಯಾಬ್ ರಂಗೂನ್’ ಎಂದು ಹೆಸರು. ರಂಗೂನಿನವರು ಅದನ್ನು ಕೇಳರಿಯರು, ಶಾಂತಸಾಗರದ ಪೊಲಿನೇಷಿಯಾ ದ್ವೀಪಗಳವರೂ ಕೇಳರಿಯರು. ಪೊಲಿನೇಷಿಯನ್ನರ ಪಾಲಿಗೆ ಬಂದುದು ಅವರ ಪೂರ್ವಜರ ಮತ್ತು ದೇವತೆಗಳ ಪ್ರತಿಮೆಗಳು ಕುಡಿಯುವ ಲೋಟಗಳೂ ಬೂದಿಯ ತಟ್ಟೆಗಳೂ ಆದ ಭಾಗ್ಯ ಮಾತ್ರ. ನಮ್ಮ ಗುಡಿಯ ಉತ್ಸವಮೂರ್ತಿಯನ್ನು ಅನ್ಯದೇಶದವರು ಹೀಗೆ ಸೋಡಾಲೋಟವಾಗಿ ಎರಕ ಹೊಯ್ದಿದ್ದರೆ ನಾವು ಸುಮ್ಮನಿರುತ್ತಿದ್ದೆವೇ? ಒಳಗೆ ನಿಜವಾದ ಕೌಶಲವಿದ್ದಿತು, ಅದು ಸುಳ್ಳಲ್ಲ. ಆದರೆ ಆ ಕೌಶಲ ಯಾರದೋ ಅವರ ಹೆಸರು ಹೊರಗಿನ ಹಲಗೆಯ ಮೇಲೆ ಇರಲಿಲ್ಲ.

ಇಳಿಗಾಲವನ್ನು ತಂದ ಕಾರಣಗಳಲ್ಲಿ ಕೆಲವು ಹೊರಗಿನವು. ಜೆಟ್ ವಿಮಾನ ಬಂದ ಮೇಲೆ ನಿಜವಾದ ಹವಾಯಿಗೇ ಹೋಗಿಬರುವುದು ಮಧ್ಯಮವರ್ಗದವರ ಕೈಗೆಟುಕಿತು. ವಿಯೆಟ್ನಾಮ್ ಯುದ್ಧವನ್ನು ಟೆಲಿವಿಷನ್ನಿನಲ್ಲಿ ಸಂಜೆಸಂಜೆಯೂ ನೋಡುತ್ತಿದ್ದ ಪೀಳಿಗೆಗೆ ತಾಳೆಯ ಮರ ಮತ್ತು ಹುಲ್ಲಿನ ಗುಡಿಸಿಲು ಎಂದರೆ ವಿಹಾರದ ಚಿಹ್ನೆಯಾಗಿ ಕಾಣದೆ ಹೋಯಿತು. ಅಪ್ಪಂದಿರು ಕೋಟು ಹಾಕಿಕೊಂಡು ಹೋಗುತ್ತಿದ್ದ ಜಾಗಗಳೆಂಬ ಕಾರಣಕ್ಕೇ ಮಕ್ಕಳಿಗೆ ಅವು ಬೇಡವಾದುವು. ಆದರೆ ಹೆಚ್ಚಿನ ಕೇಡು ಒಳಗಿನಿಂದಲೇ ಬಂದಿತೆಂದು ನನಗೆ ತೋರುತ್ತದೆ. ಬೀಚನ ಗುಟ್ಟಿನ ಶೀಶೆಗಳು ಕಳ್ಳರನ್ನೇನೋ ದೂರವಿಟ್ಟವು. ಅದರ ಜೊತೆಗೆ ವಾರಸುದಾರರನ್ನೂ ದೂರವಿಟ್ಟವು. ಮೂಲದ ಅಳತೆ ತಿಳಿಯದ ನೂರಾರು ಅನುಕರಣಕಾರರು ಬಣ್ಣದ ಸಕ್ಕರೆನೀರಿಗೆ ರಮ್ಮು ಸುರಿದು, ಮೇಲೊಂದು ಕಾಗದದ ಕೊಡೆಯನ್ನು ಚುಚ್ಚಿ, ಇದೇ ಝಾಂಬಿ, ಇದೇ ಮೈ ತೈ ಎಂದು ಕೊಟ್ಟರು. ಹಿಂಡಿದ ನಿಂಬೆಯ ಜಾಗಕ್ಕೆ ಪೊಟ್ಟಣದ ಪುಡಿ ಬಂದಿತು. 1970ರ ದಶಕದ ಹೊತ್ತಿಗೆ ಇಡೀ ಪ್ರಕಾರವೇ ಅತಿಸಿಹಿಯೆಂದೂ ಅಗ್ಗದ್ದೆಂದೂ ಹೆಸರು ಕೆಡಿಸಿಕೊಂಡಿತು. ಒಳ್ಳೆಯದು ಹೇಗಿದ್ದಿತೆಂದು ತೋರಿಸಿಕೊಡಬಲ್ಲವರು ಬಾಯಿ ಬಿಡುವಂತಿರಲಿಲ್ಲ.

1983ರಲ್ಲಿ ಇಂಗ್ಲೆಂಡಿನ ಎರಡನೆಯ ಎಲಿಜಬೆತ್ ರಾಣಿ ಸ್ಯಾನ್ ಫ್ರಾನ್ಸಿಸ್ಕೋದ ಟ್ರೇಡರ್ ವಿಕ್ಸಿನಲ್ಲಿ ಊಟಮಾಡಿದುದು ಆ ಸಂಸ್ಥೆಯ ಕೊನೆಯ ವೈಭವವೆನ್ನಬಹುದು. ಮರುವರ್ಷ ಬರ್ಜೆರಾನ್ ತೀರಿಕೊಂಡನು, 1989ರಲ್ಲಿ ಬೀಚನು. ಬೀಚನ ಹಾಲಿವುಡ್ ಅಂಗಡಿ ಅದಕ್ಕೂ ಮೊದಲೇ ಮುಚ್ಚಿಹೋಗಿದ್ದಿತು. ನ್ಯೂಯಾರ್ಕಿನ ಪ್ಲಾಜಾ ಹೋಟೆಲನ್ನು 1988ರಲ್ಲಿ ಕೊಂಡ ಡೊನಾಲ್ಡ್ ಟ್ರಂಪ್, ಅಲ್ಲಿಯ ಟ್ರೇಡರ್ ವಿಕ್ಸ್ ತನ್ನ ಹೋಟೆಲಿನ ಘನತೆಗೆ ತಕ್ಕುದಲ್ಲವೆಂದು ಅದನ್ನು ಎತ್ತಿಸಲು ಹೊರಟನು. ಬಂಗಾರದ ಮುಲಾಮಿನ ಅಭಿರುಚಿಗೆ ಬಿದಿರು ಸಹ್ಯವಾಗದಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ. ಲಂಡನ್ನಿನ ಶಾಖೆ 2022ರ ಕೊನೆಯವರೆಗೆ ಉಸಿರು ಹಿಡಿದುಕೊಂಡಿದ್ದಿತು. ಮ್ಯೂನಿಕ್ ಮತ್ತು ಟೋಕಿಯೋಗಳಲ್ಲಿಯೂ, ಓಕ್ಲೆಂಡಿನ ಪಕ್ಕದ ಎಮರಿವಿಲ್‌ನಲ್ಲಿಯೂ ಟ್ರೇಡರ್ ವಿಕ್ಸಿನ ದೀಪ ಆರಿಲ್ಲ. ಈಚೆಗೆ ಅದು ಹೆಚ್ಚಾಗಿ ಬೇರೂರಿರುವುದು ಕೊಲ್ಲಿಯ ನಾಡುಗಳಲ್ಲಿ. ದುಬೈಯ ಹೋಟೆಲಿನ ಬಾಗಿಲಲ್ಲಿ ಮರದ ದೇವತೆಗಳನ್ನು ನೋಡಿ, ಇದು ಯಾವ ಊರಿನ ಭೂತವೆಂದು ಬೆರಗಾದ ಉಡುಪಿ, ಮಂಗಳೂರು ಕಡೆಯವರು ಇದ್ದಾರು.

ಗುಟ್ಟು ಒಡೆದುದು ಜೆಫ್ ಬೆರಿ ಎಂಬ ಅಮೆರಿಕನ್ ಲೇಖಕನಿಂದ. ಬದುಕಿದ್ದ ಮುದಿ ಪರಿಚಾರಕರನ್ನು ಅರಸಿಕೊಂಡು ಹೋಗಿ, ಅವರ ವಿಶ್ವಾಸ ಗಳಿಸಿ, ಒಬ್ಬಾತನು 1937ರಲ್ಲಿ ಜೇಬಿನಲ್ಲಿಟ್ಟುಕೊಂಡಿದ್ದ ಟಿಪ್ಪಣಿಪುಸ್ತಕದ ಸಂಕೇತಗಳನ್ನು ಒಂದೊಂದಾಗಿ ಬಿಡಿಸಿ, 2007ರಲ್ಲಿ ಆತನು ಝಾಂಬಿಯ ಮೂಲದ ಅಳತೆಯನ್ನು ಅಚ್ಚುಹಾಕಿಸಿದನು. ಅಲ್ಲಿಂದೀಚೆಗೆ ಈ ಪಾನೀಯಗಳನ್ನು ಶಾಸ್ತ್ರೋಕ್ತವಾಗಿ ಬೆರೆಸುವ ಹೊಸ ಅಂಗಡಿಗಳು ಹಲವು ನಗರಗಳಲ್ಲಿ ಹುಟ್ಟಿವೆ. ಆದರೆ ಲಾಸ್ ಏಂಜಲೀಸಿನ ಒಂದು ಮನೆತನಕ್ಕೆ ಬೆರಿಯ ಪುಸ್ತಕದ ಅಗತ್ಯವಿರಲಿಲ್ಲ. ಬೀಚನ ಮೊದಲ ಅಂಗಡಿಯಲ್ಲಿ ಆರಂಭದ ದಿನಗಳಲ್ಲಿಯೇ ಕೌಂಟರಿನ ಹಿಂದೆ ನಿಂತಿದ್ದ ಫಿಲಿಪಿನೋ ತರುಣರಲ್ಲಿ ಒಬ್ಬನಾದ ರೇ ಬುಹೆನ್, 1961ರಲ್ಲಿ ಸನ್‌ಸೆಟ್ ಬುಲೆವಾರ್ಡಿನಲ್ಲಿ ‘ಟಿಕಿ-ಟಿ’ ಎಂಬ, ಕೆಲವೇ ಆಸನಗಳ, ಊಟವನ್ನೇ ಕೊಡದ ಒಂದು ಕಿರುಪಾನಗೃಹವನ್ನು ತನ್ನ ಸ್ವಂತಕ್ಕೆ ತೆರೆದನು. ಮಗನೂ ಮೊಮ್ಮಗನೂ ಅದನ್ನು ಮುಂದುವರಿಸಿದರು. ಎರಡನೆಯ ಶಾಖೆಯನ್ನು ಅವರು ಎಂದೂ ತೆರೆಯಲಿಲ್ಲ.