ಹಮ್‌ವೀಯ ಹಿಂಬ್ರೇಕ್ ಬಿಡಿಸುವ ಕಸುಬು

ಅಮೆರಿಕದ ಸೇನೆ ತನಗೆ ಬೇಡವಾದ ಹಮ್‌ವೀ ಸೇನಾ ವಾಹನಗಳನ್ನು 2014ರ ಕೊನೆಯಿಂದ ಸಾರ್ವಜನಿಕರಿಗೆ ಹರಾಜು ಹಾಕತೊಡಗಿತು. ಡಿಪೋ ಅಂಗಳದಲ್ಲಿ ವರ್ಷಗಟ್ಟಲೆ ಮಳೆ ಬಿಸಿಲಿಗೆ ನಿಂತ ಗಾಡಿಗಳವು. ಕೊಂಡವರು ಮನೆಗೆ ತಂದು ನಾಲ್ಕು ಮೈಲಿ ಓಡಿಸುವಷ್ಟರಲ್ಲಿ ಹಿಂದಿನ ಒಂದು ಚಕ್ರದ ಕಡೆಯಿಂದ ಸುಟ್ಟ ವಾಸನೆ ಬರುತ್ತದೆ, ಗಾಡಿ ಎಳೆಯುವುದೇ ಇಲ್ಲ. ಬ್ರೇಕ್ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಜಾಮ್ ಆಗಿದೆ ಎಂದರ್ಥ. ಹೊಸದು ತಂದು ಹಾಕಿದರೆ ಸುಲಭ. ಆದರೂ ಹಳೆಯದನ್ನೇ ಬಿಚ್ಚಿ, ಸೀಲ್ ಬದಲಿಸಿ, ಮತ್ತೆ ಕೆಲಸಕ್ಕೆ ಹಚ್ಚುವ ಜನ ಅಲ್ಲಿ ಬಹಳಿದ್ದಾರೆ. ಹಳೆಯ ಸೇನಾ ವಾಹನಗಳನ್ನು ಉಳಿಸಿಕೊಳ್ಳುವವರ ಸಂಘವೊಂದು 1976ರಿಂದಲೂ ಇದೆ. ಸೇನೆಯ ಸ್ವಂತ ರಿಪೇರಿ ಕೆಲಸ ಟೆಕ್ಸಾಸಿನ ರೆಡ್ ರಿವರ್ ಡಿಪೋದಂಥ ಕಡೆ ನಡೆಯುತ್ತದೆ. ಕಾರ್ಯಾಗಾರ ದೊಡ್ಡದಾಗಲಿ, ಮನೆಯ ಶೆಡ್ಡಾಗಲಿ, ಕ್ಯಾಲಿಪರ್ ಮುಂದೆ ಕೂತವನಿಗೆ ಬೇಕಾದ ತಾಳ್ಮೆ ಒಂದೇ.

ಈ ಗಾಡಿಯ ಬ್ರೇಕ್ ಇರುವ ಜಾಗವೇ ಬೇರೆ. ನಮ್ಮ ಕಾರುಗಳಲ್ಲಿ ಡಿಸ್ಕ್ ಚಕ್ರದ ಒಳಗೇ ಕೂತಿರುತ್ತದೆ. 1983ರಲ್ಲಿ ಎಎಂ ಜನರಲ್ ಕಂಪನಿ 55,000 ಹಮ್‌ವೀಗಳ ಗುತ್ತಿಗೆ ಪಡೆದಾಗ ಒಪ್ಪಿಗೆಯಾದ ವಿನ್ಯಾಸದಲ್ಲಿ ಡಿಸ್ಕ್‌ಗಳು ಗಾಡಿಯ ನಡುಭಾಗದಲ್ಲಿ, ಡಿಫರೆನ್ಷಿಯಲ್ಲಿನ ಪಕ್ಕದಲ್ಲಿವೆ. ಚಕ್ರದ ಹಬ್ಬಿನೊಳಗೆ ಇನ್ನೊಂದು ಜೊತೆ ಗೇರು ಇದ್ದು, ಚಕ್ರ ಒಂದು ಸುತ್ತು ತಿರುಗುವಾಗ ಡಿಸ್ಕ್ 1.92 ಸುತ್ತು ತಿರುಗುತ್ತದೆ. ಹಾಗಾಗಿ ಡಿಸ್ಕ್ ಮೇಲೆ ಬಿದ್ದ ಹಿಡಿತ ಚಕ್ರಕ್ಕೆ ತಲುಪುವಾಗ ಹತ್ತಿರ ಹತ್ತಿರ ದುಪ್ಪಟ್ಟಾಗುತ್ತದೆ. ಬಹಳ ಜಾಣತನದ ವಿನ್ಯಾಸವಿದು. ಆದರೆ ಜಾಮ್ ಆದ ಕ್ಯಾಲಿಪರ್ ಕೂಡ ಅಷ್ಟೇ ಬಲವಾಗಿ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ. ಬಿಚ್ಚುವವನೂ ಚಕ್ರದ ಬದಿಯಲ್ಲಿ ಕೂತು ಕೆಲಸ ಮಾಡುವಂತಿಲ್ಲ, ಎರಡು ಟನ್‌ಗಿಂತ ಹೆಚ್ಚು ತೂಕದ ಗಾಡಿಯ ಅಡಿಗೆ ನುಗ್ಗಬೇಕು. ಜಾಕ್ ಒಂದನ್ನೇ ನಂಬಿ ಯಾರೂ ಅಡಿಗೆ ಹೋಗಬಾರದು. ಗಟ್ಟಿ ಸ್ಟ್ಯಾಂಡ್ ಇರಲೇಬೇಕು, ಉಳಿದ ಚಕ್ರಗಳಿಗೆ ಅಡೆ ಕೊಟ್ಟಿರಬೇಕು.

ಪಳಗಿದವರು ಪಾನಾ ಹಿಡಿಯುವ ಮೊದಲು ದೋಷ ಎಲ್ಲಿದೆ ಎಂದು ಹುಡುಕುತ್ತಾರೆ. ನನ್ನ ಮಟ್ಟಿಗೆ ಈ ಕಸುಬಿನ ಅತಿ ಸೊಗಸಾದ ಭಾಗ ಇದೇ. ಹಿಂದಿನ ಕ್ಯಾಲಿಪರಿಗೇ ಕೈಬ್ರೇಕಿನ ಲಿವರ್ ಕೂಡಿಸಿರುವ ಮಾದರಿಯಾದರೆ ಮೊದಲು ಆ ಕೇಬಲ್ ಕಳಚಿ ಚಕ್ರ ತಿರುಗಿಸಿ ನೋಡುತ್ತಾರೆ. ಸಲೀಸಾಗಿ ತಿರುಗಿದರೆ ತಪ್ಪು ಕೇಬಲ್ಲಿನದು. ತಿರುಗದಿದ್ದರೆ ಕ್ಯಾಲಿಪರಿನಿಂದ ಆಯಿಲ್ ಹೊರಬಿಡುವ ಬ್ಲೀಡರ್ ಸ್ಕ್ರೂ ಸ್ವಲ್ಪ ಸಡಿಲಿಸುತ್ತಾರೆ. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒತ್ತಡ ವಾಪಸ್ ಹೋಗದೆ ಸಿಕ್ಕಿಕೊಂಡಿದೆ. ಒಳಗೊಳಗೇ ಊದಿಕೊಂಡ ರಬ್ಬರ್ ಹೋಸ್ ಇಲ್ಲವೇ ಮಾಸ್ಟರ್ ಸಿಲಿಂಡರ್ ಕಾರಣವಿರಬಹುದು, ಕ್ಯಾಲಿಪರ್ ಪಾಪ ನಿರಪರಾಧಿ. ಆಗಲೂ ಬಿಡದಿದ್ದರೆ ಮಾತ್ರ ಅದನ್ನು ಇಳಿಸಬೇಕು.

ಹೋಸ್ ಕಳಚುವ ಮೊದಲೇ ಪೆಡಲ್ ಒತ್ತಿ ಕ್ಯಾಲಿಪರಿನೊಳಗಿನ ಪಿಸ್ಟನ್ನನ್ನು ಆದಷ್ಟು ಹೊರಗೆ ತಂದುಕೊಳ್ಳುವುದು ಒಳ್ಳೆಯದು. ಕಂಪ್ರೆಸರಿನ ಗಾಳಿ ಹಾಕಿ ಹಾರಿಸುವವರಿದ್ದಾರೆ. ನಡುವೆ ಮರದ ತುಂಡು ಇಡದೆ ಕೈ ಇಟ್ಟರೆ ಬೆರಳು ಜಜ್ಜಿಹೋಗುತ್ತದೆ. ಕೈಬ್ರೇಕ್ ಕೂಡಿಸಿದ ಕ್ಯಾಲಿಪರಿನ ಒಳಗೆ ಸಾಮಾನ್ಯವಾಗಿ ಸ್ಕ್ರೂ ಇರುವುದರಿಂದ ಬಲ ಹಾಕಿ ಎಳೆಯುವುದಾಗಲಿ ಒತ್ತುವುದಾಗಲಿ ಸಲ್ಲದು. ಯಾವ ಭಾಗವನ್ನು ಯಾವ ಕಡೆಗೆ ತಿರುಗಿಸಬೇಕೆಂದು ಸೇನೆಯ ಕೈಪಿಡಿಯಲ್ಲಿ ಚಿತ್ರಸಮೇತ ಕೊಟ್ಟಿರುತ್ತಾರೆ, ಅದನ್ನೇ ನೋಡಬೇಕು.

ಪಿಸ್ಟನ್ ಹೊರಬಂದ ಮೇಲೆ ಹೊಸಬರು ಎಮರಿ ಪೇಪರ್ ಹಿಡಿದು ಸಿಲಿಂಡರಿನ ಗೋಡೆ ಉಜ್ಜಲು ಹೊರಡುತ್ತಾರೆ. ಆದರೆ ಜಾಮ್ ಆಗಲು ಕಾರಣ ಬಹುಪಾಲು ಇರುವುದು ಸೀಲ್ ಕೂರುವ ತೋಡಿನಲ್ಲಿ. ಚೌಕ ಅಂಚಿನ ಆ ರಬ್ಬರ್ ಬಳೆ ಎರಡು ಕೆಲಸ ಮಾಡುತ್ತದೆ. ಆಯಿಲ್ ತಡೆಯುವುದು ಒಂದು. ಬ್ರೇಕ್ ಒತ್ತಿದಾಗ ಪಿಸ್ಟನ್ ಜೊತೆ ತುಸು ಬಾಗಿ, ಕಾಲು ತೆಗೆದೊಡನೆ ಮೊದಲಿನ ಆಕಾರಕ್ಕೆ ಬರುತ್ತ ಪಿಸ್ಟನ್ನನ್ನು ಹಿಂದಕ್ಕೆಳೆಯುವುದು ಇನ್ನೊಂದು. ಸೀಲಿನ ಬೆನ್ನಿಗೆ ತುಕ್ಕು ಬೆಳೆದರೆ ಅದು ಪಿಸ್ಟನ್ನನ್ನು ಬಿಗಿದುಕೊಳ್ಳುತ್ತದೆ, ಬಾಗಲು ಜಾಗವೇ ಉಳಿಯುವುದಿಲ್ಲ. ಬಿದಿರಿನ ಇಲ್ಲವೇ ಹಿತ್ತಾಳೆಯ ಕಡ್ಡಿಯಿಂದ ಆ ತೋಡನ್ನು ಸುತ್ತಲೂ ಕೆದಕಿ ಹೊಳೆಯುವಂತೆ ಮಾಡಬೇಕು. ಇದಕ್ಕೇ ಅರ್ಧ ದಿನ ಹಿಡಿದರೂ ಸರಿ. ಗೋಡೆಯ ಸಣ್ಣ ಗೀರುಗಳಿಂದ ಅಪಾಯವಿಲ್ಲ, ಏಕೆಂದರೆ ಸೀಲ್ ಉಜ್ಜುವುದು ಪಿಸ್ಟನ್ನಿನ ಮೈಯನ್ನು. ಪಿಸ್ಟನ್ ಮೇಲೆ ಉಗುರಿಗೆ ತಾಗುವಷ್ಟು ಗುಳಿ ಇದ್ದರೆ ಮುಲಾಜಿಲ್ಲದೆ ಎಸೆಯಬೇಕು. ಅಲ್ಲಿ ಕಾಸು ಉಳಿಸಲು ಹೋದವರ ಹೊಸ ಸೀಲ್ ಕೆಲವೇ ದಿನದಲ್ಲಿ ಸೋರುತ್ತದೆ. ಇನ್ನು ತೊಳೆಯುವುದಕ್ಕೆ ಗ್ಯಾರೇಜುಗಳ ಪೆಟ್ರೋಲು, ಡೀಸೆಲ್ಲು ಬೇಡ. ಇವುಗಳ ಜಿಡ್ಡಿಗೆ ಬ್ರೇಕಿನ ರಬ್ಬರ್ ಊದಿಕೊಳ್ಳುತ್ತದೆ. ಸ್ಪಿರಿಟ್ ಸಾಕು.

ಇಷ್ಟು ತುಕ್ಕು ಬಂದದ್ದಾದರೂ ಎಲ್ಲಿಂದ? ಅಮೆರಿಕದ ಸೇನೆ 1980ರ ದಶಕದಲ್ಲಿ ತನ್ನ ವಾಹನಗಳಿಗೆ ನೇರಳೆ ಬಣ್ಣದ ಸಿಲಿಕೋನ್ ಬ್ರೇಕ್ ಆಯಿಲ್, ಅಂದರೆ ಡಾಟ್ 5, ಹಾಕಿತು. ನಮ್ಮ ಕಾರುಗಳ ಡಾಟ್ 3, ಡಾಟ್ 4 ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ, ಡಾಟ್ 5 ಹೀರುವುದಿಲ್ಲ. ವರ್ಷಗಟ್ಟಲೆ ನಿಲ್ಲುವ ಗಾಡಿಗೆ, ಹಿಮದಲ್ಲೂ ಮರಳುಗಾಡಿನಲ್ಲೂ ಓಡಬೇಕಾದ ಗಾಡಿಗೆ ಅದು ಸರಿಯಾದ ಆಯ್ಕೆಯೇ. ಆದರೆ ಹೇಗೋ ಒಳಹೊಕ್ಕ ನೀರು ಬೆರೆಯಲು ಜಾಗ ಕಾಣದೆ ತಳಕ್ಕಿಳಿಯುತ್ತದೆ. ಆ ತಳ ಕ್ಯಾಲಿಪರ್! ಆಯಿಲ್ಲನ್ನು ಆಗಾಗ ಬದಲಿಸಿದ ಗಾಡಿಗಳಲ್ಲಿ ಈ ಕಾಟ ಕಡಿಮೆ. ಎರಡು ಜಾತಿಯ ಆಯಿಲ್ ಬೆರೆಸುವುದಂತೂ ಕೂಡದು. ಡಾಟ್ 5.1 ಎಂಬುದು ಹೆಸರಿನಲ್ಲಷ್ಟೇ ಇದಕ್ಕೆ ಹತ್ತಿರ, ಗುಣದಲ್ಲಿ ಡಾಟ್ 4ರ ಬಳಗದ್ದು.

ಜೋಡಿಸುವಾಗ ಹೊಸ ಸೀಲಿಗೆ ಅದೇ ಸಿಲಿಕೋನ್ ಆಯಿಲ್ ಸವರಿ, ಪಿಸ್ಟನ್ನನ್ನು ನೇರವಾಗಿ ಹಿಡಿದು ಕೂರಿಸುತ್ತಾರೆ. ಪ್ಯಾಡುಗಳನ್ನು ಎಡಬಲ ಎರಡೂ ಕಡೆ ಒಟ್ಟಿಗೇ ಬದಲಿಸುತ್ತಾರೆ. ಏರ್ ತೆಗೆಯುವಾಗ ಅವಸರ ಸಲ್ಲದು. ಸಿಲಿಕೋನ್ ಆಯಿಲ್ಲನ್ನು ಕಲಕಿದರೆ ಸಣ್ಣ ಗುಳ್ಳೆಗಳು ಒಳಗೇ ಉಳಿಯುತ್ತವೆ. ನಿಧಾನಕ್ಕೆ ಸುರಿದು, ನಿಧಾನಕ್ಕೆ ಪೆಡಲ್ ಒತ್ತಿ, ಒಂದು ರಾತ್ರಿ ಹಾಗೇ ಬಿಟ್ಟು ಮರುದಿನ ಮತ್ತೊಮ್ಮೆ ಏರ್ ತೆಗೆಯುತ್ತಾರೆ. ಆಮೇಲೆ ಬಯಲಲ್ಲಿ ಮೆಲ್ಲಗೆ ಓಡಿಸಿ, ನಿಲ್ಲಿಸಿ, ಹಿಂದಿನ ಎರಡೂ ಡಿಸ್ಕ್‌ಗಳ ಬಿಸಿಯನ್ನು ಥರ್ಮಾಮೀಟರಿನಲ್ಲಿ ಅಳೆಯುತ್ತಾರೆ. ಎರಡೂ ಹೆಚ್ಚುಕಡಿಮೆ ಸಮನಾಗಿದ್ದರೆ ಗಾಡಿ ರಸ್ತೆಗೆ. ಒಂದು ಕಡೆ ಬಿಸಿ ಏರಿದ್ದರೆ ಮತ್ತೆ ಗಾಡಿಯ ಅಡಿಗೆ.