ಚೂರುಗಳಿಂದ ಎದ್ದು ನಿಂತ ಸಿಂಹಮಾನವ

1939ರ ಆಗಸ್ಟ್ 25. ದಕ್ಷಿಣ ಜರ್ಮನಿಯ ಲೋನೆ ಕಣಿವೆಯ ಹೋಲೆನ್‌ಸ್ಟೈನ್-ಸ್ಟಾಡೆಲ್ ಗುಹೆಯಲ್ಲಿ ಉತ್ಖನನದ ಕೊನೆಯ ದಿನ. ಅಂಗರಚನಾಶಾಸ್ತ್ರಜ್ಞ ರಾಬರ್ಟ್ ವೆಟ್ಸೆಲ್ ಅವರ ತಂಡದ ಪರವಾಗಿ ಅಗೆತ ನಡೆಸುತ್ತಿದ್ದ ಭೂವಿಜ್ಞಾನಿ ಒಟ್ಟೊ ಫೋಲ್ಟ್ಸಿಂಗ್‌ಗೆ ಗುಹೆಯ ಒಳಗಿನ ಪುಟ್ಟ ಕೋಣೆಯಲ್ಲಿ ಮ್ಯಾಮತ್ ದಂತದ ನೂರಾರು ಚೂರು ಸಿಕ್ಕವು. ಅವನ್ನು ಕೂತು ನೋಡಲು ಪುರುಸೊತ್ತಿರಲಿಲ್ಲ. ಅಗೆದ ಮಣ್ಣನ್ನೇ ಮತ್ತೆ ಗುಂಡಿಗೆ ತುಂಬಿ ತಂಡ ಹೊರಟಿತು. ಒಂದು ವಾರದಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು.

ಚೂರುಗಳು ಮುಂದೆ ಊಲ್ಮ್ ನಗರದ ವಸ್ತುಸಂಗ್ರಹಾಲಯ ಸೇರಿದವು. ವೆಟ್ಸೆಲ್ 1962ರಲ್ಲಿ ತೀರಿಕೊಂಡರು. ತಮ್ಮ ತಂಡ ಹೊರತೆಗೆದದ್ದು ಏನೆಂಬುದು ಅವರಿಗೆ ತಿಳಿಯಲೇ ಇಲ್ಲ. 1969ರಲ್ಲಿ ಅಲ್ಲಿನ ಸಾಮಗ್ರಿಯನ್ನು ಪಟ್ಟಿ ಮಾಡುತ್ತಿದ್ದ ಪುರಾತತ್ತ್ವಜ್ಞ ಯೋವಾಖಿಮ್ ಹಾನ್ ಸುಮಾರು 200 ಚೂರುಗಳನ್ನು ಜೋಡಿಸಿ ನೋಡಿದರು. ಎರಡು ಕಾಲ ಮೇಲೆ ನಿಂತ ಒಂದು ಆಕೃತಿ ಮೂಡಿತು. ಮೈ ಮನುಷ್ಯನದು, ತಲೆ ಯಾವುದೋ ಪ್ರಾಣಿಯದು. 1980ರ ದಶಕದಲ್ಲಿ ಇನ್ನಷ್ಟು ಚೂರುಗಳು ಕೂಡಿಕೊಂಡು, ವಿದ್ವಾಂಸೆ ಎಲಿಸಬೆತ್ ಶ್ಮಿಡ್ ಅವರ ಮಾರ್ಗದರ್ಶನದಲ್ಲಿ ಮರುಜೋಡಣೆ ನಡೆದಾಗ ಸಂಶಯ ಉಳಿಯಲಿಲ್ಲ. ಅದು ಸಿಂಹದ ಮುಖ. ಹಿಮಯುಗದ ಯೂರೋಪಿನಲ್ಲಿ ಗುಹಾಸಿಂಹಗಳು ಓಡಾಡುತ್ತಿದ್ದವು. ಕೆತ್ತಿದವರು ಆ ಮುಖವನ್ನು ಕಣ್ಣಾರೆ ಕಂಡಿದ್ದರು.

ಹುಡುಕಾಟ ಅಲ್ಲಿಗೂ ಮುಗಿಯಲಿಲ್ಲ. 2008ರ ನಂತರ ಕ್ಲಾಸ್-ಯೋವಾಖಿಮ್ ಕಿಂಡ್ ಅವರ ತಂಡ ಅದೇ ಗುಹೆಗೆ ಮರಳಿ, 1939ರಲ್ಲಿ ತುಂಬಿಹೋಗಿದ್ದ ಮಣ್ಣನ್ನೇ ಜರಡಿ ಹಿಡಿಯಿತು. ನೂರಾರು ಹೊಸ ಚೂರು ದೊರೆತವು. 2013ರ ಹೊತ್ತಿಗೆ ಪುನರ್ಜೋಡಣೆ ಮುಗಿದಾಗ ಮೂರ್ತಿ 31 ಸೆಂಟಿಮೀಟರ್ ಎತ್ತರ ನಿಂತಿತ್ತು. ವಯಸ್ಸು ಸುಮಾರು 40,000 ವರ್ಷ.

ಇದನ್ನು ನೋಡಿದ ಕನ್ನಡಿಗರಿಗೆ ತಟ್ಟನೆ ನರಸಿಂಹ ನೆನಪಾಗುತ್ತಾನೆ. ಆದರೆ ಎರಡಕ್ಕೂ ಗಂಟು ಹಾಕಬಾರದು. ನರಸಿಂಹನಿಗೆ ಪುರಾಣವಿದೆ, ಪ್ರಹ್ಲಾದನಿದ್ದಾನೆ, ಪೂಜಾವಿಧಿಯಿದೆ. ಈ ಮೂರ್ತಿಯ ಕತೆಯನ್ನು ಬರೆದಿಡಲು ಲಿಪಿ ಹುಟ್ಟುವುದಕ್ಕೇ ಇನ್ನೂ 35 ಸಾವಿರ ವರ್ಷಗಳಷ್ಟು ಕಾಲವಿತ್ತು. ಹಾಗಾಗಿ ಅದನ್ನು ಅದರದೇ ಗುರುತುಗಳಿಂದ ಓದಬೇಕು.

ಗುರುತುಗಳು ಕಡಿಮೆಯೇನಿಲ್ಲ. ಎಡತೋಳಿನ ಮೇಲೆ ಏಳು ಅಡ್ಡಗೆರೆಗಳಿವೆ. ಕೈಯಿಂದ ಕೈಗೆ ದಾಟುತ್ತಾ ಬಂದದ್ದಕ್ಕೆ ಸಾಕ್ಷಿಯಾಗಿ ಮೈ ಸವೆದಿದೆ. ಉತ್ತರಕ್ಕೆ ಬಾಯಿತೆರೆದ ಆ ಗುಹೆಗೆ ಬಿಸಿಲು ಬೀಳದು. ಜನ ವಾಸವಿದ್ದ ಕುರುಹೂ ಅಲ್ಲಿ ವಿರಳ. ಮೂರ್ತಿ ಇದ್ದ ಒಳಕೋಣೆಯಲ್ಲಿ ಸಿಕ್ಕಿದ್ದು ತೂತು ಕೊರೆದ ನರಿಹಲ್ಲುಗಳು, ಹಿಮಸಾರಂಗದ ಕೊಂಬುಗಳು. ಉಂಡು ಮಲಗುವ ತಾಣವಲ್ಲ ಅದು; ಬೇರೊಂದು ಉದ್ದೇಶಕ್ಕೆ ಜನ ಸೇರುತ್ತಿದ್ದ ಜಾಗ ಎಂದು ಅನೇಕ ವಿದ್ವಾಂಸರು ನಂಬುತ್ತಾರೆ.

ಚಕಮಕಿ ಕಲ್ಲಿನ ಉಪಕರಣಗಳಿಂದ ಇಂಥದೇ ಪ್ರತಿಯನ್ನು ಕೆತ್ತಿ ನೋಡಿದಾಗ ಸುಮಾರು 400 ಗಂಟೆ ಹಿಡಿಯಿತು. ಬೇಟೆಯಾಡಿಯೇ ಬದುಕಬೇಕಿದ್ದ ಒಂದು ಗುಂಪು, ತನ್ನ ಒಬ್ಬ ನುರಿತ ಕೆಲಸಗಾರನಿಗೆ ಅಷ್ಟು ದಿನ ಅನ್ನವಿಟ್ಟು ಈ ಕೆಲಸಕ್ಕೆ ಕೂರಿಸಿತ್ತು. ಈಟಿಗೂ ಬಾರದ, ಬಟ್ಟೆಗೂ ಒದಗದ ವಸ್ತುವಿಗಾಗಿ ಮಾಡಿದ ಈ ವೆಚ್ಚವನ್ನು ಶ್ರದ್ಧೆ ಎಂದೇ ಕರೆಯಬೇಕು. ತಮ್ಮನ್ನು ಕೊಲ್ಲಬಲ್ಲ ಮೃಗದ ಬಲವನ್ನು ಮನುಷ್ಯನ ಮೈಯಲ್ಲಿ ನಿಲ್ಲಿಸಿ, ಪ್ರಕೃತಿಯಲ್ಲಿ ಎಲ್ಲೂ ಇಲ್ಲದ ರೂಪವೊಂದನ್ನು ಅವರು ಕಲ್ಪಿಸಿದ್ದರು.

ಅದು ಒಬ್ಬನ ಕನಸೂ ಆಗಿರಲಿಲ್ಲ. 2002ರಲ್ಲಿ ಅದೇ ಸೀಮೆಯ ಇನ್ನೊಂದು ಕಣಿವೆಯ ಹೋಲೆ ಫೆಲ್ಸ್ ಗುಹೆಯಲ್ಲಿ ನಿಕೋಲಸ್ ಕೊನಾರ್ಡ್ ಅವರ ತಂಡಕ್ಕೆ ಸುಮಾರು ಎರಡೂವರೆ ಸೆಂಟಿಮೀಟರಿನ ಇನ್ನೊಂದು ದಂತದ ಸಿಂಹಮಾನವ ದೊರೆತ. ಎರಡು ಕಣಿವೆಗಳ ಜನ ಒಂದೇ ರೂಪವನ್ನು ಅರಿತಿದ್ದರು. ಹೊಲ, ಊರು, ಗುಡಿ ಯಾವುವೂ ಇಲ್ಲದ ಕಾಲದಲ್ಲೇ ಹಲವರು ಕೂಡಿ ನಂಬುವ ರೂಢಿ ಹುಟ್ಟಿತ್ತು ಎನ್ನಲು ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಅಪರೂಪ.