ಜೆರ್ರಿ ಸೋಲಬೇಕಿತ್ತೇ?

ಒಂದು ಕಾದಂಬರಿಯ ಕೊನೆಯ ಪುಟ ಓದಿ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದ್ದು ನನಗೆ ಅದೇ ಮೊದಲು. ಪುಸ್ತಕದ ಹೆಸರು ‘ದಿ ಚಾಕಲೇಟ್ ವಾರ್’. ಬರೆದವರು ಅಮೆರಿಕದ ರಾಬರ್ಟ್ ಕೊರ್ಮಿಯರ್ (1925–2000), ಪ್ರಕಟವಾದದ್ದು 1974ರಲ್ಲಿ. ಹದಿಹರೆಯದವರ ಕಾದಂಬರಿಯಲ್ಲವೇ, ಕೊನೆಗೆ ಒಳ್ಳೆಯವನೇ ಗೆಲ್ಲುತ್ತಾನೆ ಎಂದು ನಂಬಿಕೊಂಡು ಓದುತ್ತಿದ್ದೆ. ಅವನು ಗೆಲ್ಲಲಿಲ್ಲ. ಈ ಸಿಟ್ಟು ನನ್ನೊಬ್ಬಳದಲ್ಲ, ಸುಮಾರು ಐವತ್ತು ವರ್ಷಗಳಿಂದ ಓದುಗರು ಈ ಒಂದು ಮುಕ್ತಾಯದ ಬಗ್ಗೆ ಜಗಳವಾಡುತ್ತಲೇ ಬಂದಿದ್ದಾರೆ ಎಂದು ಆಮೇಲೆ ತಿಳಿಯಿತು. ಆ ಜಗಳ ಏನೆಂದು ಹೇಳಲು ಮೊದಲು ಕಥೆ ಹೇಳಬೇಕು.

ಟ್ರಿನಿಟಿ ಎಂಬುದು ಗಂಡುಮಕ್ಕಳ ಕ್ಯಾಥೊಲಿಕ್ ಶಾಲೆ. ಅಲ್ಲಿನ ಹಂಗಾಮಿ ಮುಖ್ಯಸ್ಥ ಬ್ರದರ್ ಲಿಯೋನ್, ತಾಯಂದಿರ ದಿನಕ್ಕೆಂದು ತಯಾರಾಗಿ ಮಾರಾಟವಾಗದೆ ಉಳಿದ 20,000 ಡಬ್ಬಿ ಚಾಕಲೇಟ್ ಕೊಂಡು ತರುತ್ತಾನೆ. 400 ಹುಡುಗರು, ತಲೆಗೆ 50 ಡಬ್ಬಿ, ಡಬ್ಬಿಗೆ ಎರಡು ಡಾಲರ್. ಶಾಲೆಗಾಗಿ ಎಲ್ಲರೂ ಮನೆಮನೆಗೆ ಹೋಗಿ ಮಾರಬೇಕು. ಹೆಸರಿಗೆ ಇದು ಸ್ವಇಚ್ಛೆಯ ಕೆಲಸ. ಶಾಲೆಯಲ್ಲಿ ‘ವಿಜಿಲ್ಸ್’ ಎಂಬ ಹುಡುಗರ ಗುಪ್ತ ಗುಂಪೊಂದಿದೆ. ಅದರ ಸೂತ್ರಧಾರ ಆರ್ಚಿ. ಹತ್ತು ದಿನ ಮಾತ್ರ ಚಾಕಲೇಟ್ ಬೇಡ ಎನ್ನಬೇಕು ಎಂದು ಈ ಗುಂಪು ಹೊಸ ಹುಡುಗ ಜೆರ್ರಿಗೆ ಆಜ್ಞೆ ಮಾಡುತ್ತದೆ. ತಾಯಿಯನ್ನು ಕಳೆದುಕೊಂಡ, ಹೆಚ್ಚು ಮಾತಿಲ್ಲದ ಹುಡುಗ ಅವನು. ಹತ್ತು ದಿನ ಕಳೆದು ಹನ್ನೊಂದನೆಯ ದಿನ ಹಾಜರಿ ಕರೆದಾಗಲೂ ಅವನು ಬೇಡ ಎನ್ನುತ್ತಾನೆ. ಈಗ ಅದು ಯಾರ ಆಜ್ಞೆಯೂ ಅಲ್ಲ. ಯಾಕೆ ಹಾಗೆಂದೆ ಎನ್ನುವುದು ಅವನಿಗೇ ಪೂರ್ತಿ ಗೊತ್ತಿಲ್ಲ.

ಅಲ್ಲಿಂದ ಶಿಕ್ಷಕನೂ ಗುಂಪೂ ಒಂದಾಗುತ್ತಾರೆ. ರಾತ್ರಿ ಮನೆಗೆ ಅನಾಮಧೇಯ ಫೋನ್ ಕರೆಗಳು ಬರುತ್ತವೆ, ಅವನ ಲಾಕರ್ ಹಾಳಾಗುತ್ತದೆ, ದಾರಿಯಲ್ಲಿ ಹೊಡೆತ ಬೀಳುತ್ತದೆ. ಕೊನೆಗೆ ಇಡೀ ಶಾಲೆಯ ಕಣ್ಣೆದುರು ಮೈದಾನದಲ್ಲಿ ಅವನು ಏಟು ತಿಂದು ಬೀಳುತ್ತಾನೆ. ವಿರೋಧಿಸಬಾರದಿತ್ತು ಎಂದು ಗೆಳೆಯನಿಗೆ ಹೇಳಬೇಕೆಂದುಕೊಳ್ಳುತ್ತಾನೆ. ಆರ್ಚಿಗೆ ಏನೂ ಆಗುವುದಿಲ್ಲ. ಬ್ರದರ್ ಲಿಯೋನನೇ ಅವನನ್ನು ಕಾಪಾಡುತ್ತಾನೆ.

ವಿಚಿತ್ರವೆಂದರೆ ಈ ಕಥೆಯ ಬೀಜದಲ್ಲಿ ಇಂಥ ಕ್ರೌರ್ಯವೇ ಇರಲಿಲ್ಲ. ಕೊರ್ಮಿಯರರ ಮಗ ಪೀಟರ್ ತನ್ನ ಶಾಲೆಯ ಚಾಕಲೇಟ್ ಮಾರಲು ಒಪ್ಪದೆ ಚೀಲವನ್ನು ವಾಪಸು ಕೊಟ್ಟುಬಂದಿದ್ದ. ಅವನಿಗೆ ಯಾರೂ ಏನೂ ಮಾಡಲಿಲ್ಲ. ಆದರೆ ಪತ್ರಕರ್ತರಾಗಿದ್ದ ಅಪ್ಪನ ತಲೆಯಲ್ಲಿ, ಏನಾದರೂ ಆಗಿದ್ದರೆ ಎಂಬ ಪ್ರಶ್ನೆ ಉಳಿದುಕೊಂಡಿತು. ಹಸ್ತಪ್ರತಿ ನೋಡಿದ ಪ್ರಕಾಶಕರು ಮುಕ್ತಾಯ ಬದಲಿಸಲು ಹೇಳಿದರು. ಕೊರ್ಮಿಯರ್ ಒಪ್ಪಲಿಲ್ಲ. ಕೊನೆಗೆ ಪ್ಯಾಂಥಿಯನ್ ಸಂಸ್ಥೆ ಇದ್ದದ್ದನ್ನು ಇದ್ದಹಾಗೆ ಅಚ್ಚು ಹಾಕಿತು.

ಅಭಿಪ್ರಾಯಗಳು ಅಂದಿನಿಂದಲೇ ಎರಡಾದವು. 1980ರಲ್ಲಿ ನಾರ್ಮಾ ಬ್ಯಾಗ್ನಾಲ್ ಎಂಬವರು, ಇದನ್ನು ವಾಸ್ತವ ಎನ್ನುವುದೇ ತಪ್ಪು ಎಂದು ಬರೆದರು. ಬದುಕಿನ ಕೊಳಕು ಭಾಗವನ್ನಷ್ಟೇ ತೋರಿಸಿದರೆ ಅದೂ ಅರ್ಧ ಸತ್ಯವೇ, ನಂಬಬಹುದಾದ ಒಬ್ಬ ಹಿರಿಯನೂ ಈ ಪುಸ್ತಕದಲ್ಲಿಲ್ಲ ಎನ್ನುವುದು ಅವರ ವಾದ. ಬೆಟ್ಟಿ ಕಾರ್ಟರ್ ಮತ್ತು ಕ್ಯಾರನ್ ಹ್ಯಾರಿಸ್ ಇದಕ್ಕೆ ಉತ್ತರ ಕೊಟ್ಟರು. ಕೊರ್ಮಿಯರ್ ಭರವಸೆಯನ್ನು ಕಿತ್ತುಕೊಂಡಿಲ್ಲ, ಸುಮ್ಮನೆ ನೋಡುತ್ತಿದ್ದವರಿಗೂ ಇದರಲ್ಲಿ ಪಾಲಿದೆ ಎಂದು ಎಚ್ಚರಿಸಿದ್ದಾರೆ ಎಂದರು. ಇತ್ತ ಪುಸ್ತಕವನ್ನು ಶಾಲೆಗಳಿಂದ ತೆಗೆಯಿರಿ ಎಂಬ ಪೋಷಕರ ಬೇಡಿಕೆಯೂ ನಿಲ್ಲಲಿಲ್ಲ. ಅಮೆರಿಕದ ಗ್ರಂಥಾಲಯ ಸಂಘದ 2004ರ ಪಟ್ಟಿಯಲ್ಲಿ ಅತಿ ಹೆಚ್ಚು ಆಕ್ಷೇಪಕ್ಕೆ ಗುರಿಯಾದ ಪುಸ್ತಕ ಇದೇ. ಭಾಷೆ ಒರಟು ಎಂಬ ಆಕ್ಷೇಪವನ್ನು ನಾನೂ ಒಪ್ಪುತ್ತೇನೆ. ಕೆಲವು ಪುಟಗಳನ್ನು ಮನೆಯಲ್ಲಿ ಗಟ್ಟಿಯಾಗಿ ಓದಲು ನನ್ನಿಂದಾಗದು.

ಹದಿಹರೆಯದ ಓದುಗರ ದೂರು ಮಾತ್ರ ಬೇರೆ ಥರದ್ದು. ಮುಕ್ತಾಯ ಅವರಿಗೂ ಹಿಡಿಸಲಿಲ್ಲ, ಆದರೆ ಇಂಥ ಶಾಲೆ ಇರುವುದೇ ಇಲ್ಲ ಎಂದು ಅವರು ಹೇಳುತ್ತಿರಲಿಲ್ಲ ಎನ್ನುತ್ತಿದ್ದರು ಕೊರ್ಮಿಯರ್. ಅವರ ಮಾತನ್ನು ಈ ಲೇಖಕ ಎಷ್ಟು ಕೇಳಿಸಿಕೊಂಡರು ಎನ್ನುವುದಕ್ಕೆ ನನಗೆ ಬಹಳ ಇಷ್ಟವಾದ ಸಂಗತಿಯೊಂದಿದೆ. 1977ರ ‘ಐ ಆಮ್ ದ ಚೀಸ್’ ಕಾದಂಬರಿಯಲ್ಲಿ ಒಂಟಿ ಹುಡುಗನೊಬ್ಬ ಏಮಿ ಎಂಬ ಗೆಳತಿಗೆ ಮತ್ತೆ ಮತ್ತೆ ಫೋನ್ ಮಾಡಲು ನೋಡುತ್ತಾನೆ. ಪುಸ್ತಕದಲ್ಲಿ ಅಚ್ಚಾದ ಆ ನಂಬರ್ ಕೊರ್ಮಿಯರರ ಮನೆಯದೇ! ಓದಿದ ಮಕ್ಕಳು ನಿಜಕ್ಕೂ ಆ ನಂಬರಿಗೆ ಕರೆ ಮಾಡಿದರು. ಏಮಿ ಇದ್ದಾಳೆಯೇ ಎಂದು ಕೇಳಿದರೆ ಅವರು ಏಮಿಯ ಅಪ್ಪನಂತೆ ಮಾತಾಡಿದ್ದೂ ಉಂಟು. ವರ್ಷಗಟ್ಟಲೆ ಕರೆಗಳು ಬಂದವು, ನಂಬರ್ ಬದಲಾಗಲಿಲ್ಲ. ಅಷ್ಟು ಕತ್ತಲೆಯ ಕಥೆ ಬರೆದವರು ಮಕ್ಕಳ ಮೇಲೆ ಕರುಣೆಯಿಲ್ಲದವರಾಗಿರಲು ಸಾಧ್ಯವಿಲ್ಲ ಎಂದು ನನಗನ್ನಿಸಿದ್ದು ಇದನ್ನು ಓದಿದ ಮೇಲೆಯೇ.

ಹಾಗಾದರೆ ಜೆರ್ರಿ ಸೋತದ್ದು ಸರಿಯೇ? ಎರಡನೆಯ ಸಲ ಓದುವಾಗ ನನ್ನ ಕಣ್ಣು ಜೆರ್ರಿಯ ಮೇಲಿರಲಿಲ್ಲ, ಅವನ ಗೆಳೆಯ ಗೂಬರ್ ಮೇಲಿತ್ತು. ನಡೆಯುತ್ತಿರುವುದು ತಪ್ಪೆಂದು ಗೂಬರಿಗೆ ಗೊತ್ತು. ತಾನೂ ಮಾರುವುದನ್ನು ನಿಲ್ಲಿಸುತ್ತಾನೆ. ಆದರೆ ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಪರಿಸ್ಥಿತಿ ಬಿಗಡಾಯಿಸಿದಾಗ ಹುಷಾರಿಲ್ಲವೆಂದು ಮನೆಯಲ್ಲೇ ಉಳಿಯುತ್ತಾನೆ. ಕೆಡುಕನ್ನು ಕಂಡಾಗ ಮೊದಲು ಕೈ, ಆಗದಿದ್ದರೆ ನಾಲಿಗೆ, ಅದೂ ಆಗದಿದ್ದರೆ ಮನಸ್ಸು ಎಂಬ ಹದೀಸನ್ನು ನಮ್ಮಲ್ಲಿ ಹಲವರು ಮದ್ರಸದಲ್ಲೇ ಕಲಿತಿದ್ದೇವೆ. ಗೂಬರ್ ಅದರ ಕೊನೆಯ ಮೆಟ್ಟಿಲಲ್ಲಿ ನಿಂತುಬಿಟ್ಟ.

ನಾನೂ ಅಲ್ಲೇ ನಿಂತಿದ್ದೆ. ಹೈಸ್ಕೂಲಿನಲ್ಲಿ ವಾರ್ಷಿಕೋತ್ಸವಕ್ಕೆಂದು ಪ್ರತಿಯೊಬ್ಬರಿಗೂ ಒಂದೊಂದು ಲಕ್ಕಿ ಕೂಪನ್ ಪುಸ್ತಕ ಕೊಟ್ಟಿದ್ದರು. ನಮ್ಮ ತರಗತಿಯ ಒಬ್ಬಳು ಅದನ್ನು ಹಾಗೆಯೇ ವಾಪಸು ಕೊಟ್ಟಳು. ಕಾರಣ ಕೇಳಿದರೆ ಹೇಳಲಿಲ್ಲ. ದಿನಾ ಹಾಜರಿಯ ಹೊತ್ತಿಗೆ ಅವಳನ್ನು ಎದ್ದು ನಿಲ್ಲಿಸುತ್ತಿದ್ದರು. ಅವಳಿಂದಾಗಿ ನಮ್ಮ ತರಗತಿ ಹಿಂದೆ ಬಿತ್ತು ಎಂದು ಬೆಂಚಿನಲ್ಲಿ ಅವಳ ಪಕ್ಕ ಕೂರುವುದನ್ನು ಎಲ್ಲರೂ ಬಿಟ್ಟರು. ನಾನು ಬೈಯಲಿಲ್ಲ, ನಗಲಿಲ್ಲ. ಸುಮ್ಮನೆ ಎರಡು ಬೆಂಚು ಹಿಂದೆ ಹೋಗಿ ಕೂತೆ, ಅಷ್ಟೆ.

ಜೆರ್ರಿ ಗೆದ್ದಿದ್ದರೆ ನಾನು ಅವನ ಪಕ್ಷದವಳೆಂದೇ ಅಂದುಕೊಂಡು ಪುಸ್ತಕ ಮುಚ್ಚಿಡುತ್ತಿದ್ದೆ. ಅವನು ಸೋತದ್ದರಿಂದ ಆ ಎರಡು ಬೆಂಚು ನೆನಪಾಯಿತು. ಬ್ಯಾಗ್ನಾಲ್ ಅವರ ವಾದದಲ್ಲಿ ಹುರುಳಿಲ್ಲವೆಂದಲ್ಲ. ಒಬ್ಬರಾದರೂ ಒಳ್ಳೆಯ ಶಿಕ್ಷಕರು ಆ ಶಾಲೆಯಲ್ಲಿ ಗಟ್ಟಿಯಾಗಿ ನಿಂತಿದ್ದರೆ ಎಂದು ನನಗೂ ಅನ್ನಿಸುತ್ತದೆ. ಆದರೂ ಮುಕ್ತಾಯ ಬದಲಿಸದ ಕೊರ್ಮಿಯರರ ಕಡೆಗೇ ನನ್ನ ಮತ.

ಪುಸ್ತಕ ನನ್ನ ಬಳಿ ಇದೆ, ಇಂಗ್ಲಿಷ್ ಅಷ್ಟೇನೂ ಕಷ್ಟವಿಲ್ಲ. ಕೇಳಿದವರಿಗೆ ಕೊಡುತ್ತೇನೆ. ಓದಿ ಹಿಂದಿರುಗಿಸುವಾಗ ಜೆರ್ರಿ ಸೋಲಬೇಕಿತ್ತೋ ಬೇಡವೋ ಎಂದು ಮಾತ್ರ ಹೇಳಬೇಕು.